ಊರು ಬಿಟ್ಟವರು, ಊರಲ್ಲುಳಿದವರು: ಹೆತ್ತವರ ನೆಮ್ಮದಿಯನ್ನು ಕೇಳುವವರಾರು?

(ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳಲ್ಲಿ ಹೆತ್ತವರಿಗಾಗಿ ನಡೆದ ಸಭೆಗಳಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹೆತ್ತವರ ಸಭೆ ಎಂದೊಡನೆ ನಾವು ಮಕ್ಕಳ ಬಗ್ಗೆ ಮಾತಾಡಲು ತೊಡಗುತ್ತೇವೆ. ಅವರ ಅಂಕ, ಹಾಜರಾತಿ, ಮೊಬೈಲಿನ ಗೀಳು, ಕೆಟ್ಟ ಸಹವಾಸ. ಸುಮಾರು ಮೂವತ್ತು ವರ್ಷ ಶಿಕ್ಷಕನಾಗಿದ್ದ ನಾನು ಇಂತಹ ಎಷ್ಟೋ ಸಭೆಗಳನ್ನು ನಡೆಸಿದ್ದೇನೆ. ಹೆತ್ತವರಿಗೆ ಬುದ್ಧಿಮಾತು ಹೇಳಿದ್ದೇನೆ, ಕೆಲವೊಮ್ಮೆ ಗದರಿದ್ದೂ ಇದೆ. ಆದರೆ ಒಂದು ಸರಳ ಪ್ರಶ್ನೆಯನ್ನು ಒಬ್ಬ ತಾಯಿಯೊಡನೆಯಾಗಲಿ ಒಬ್ಬ ತಂದೆಯೊಡನೆಯಾಗಲಿ ಕೇಳಿದ ನೆನಪು ನನಗಿಲ್ಲ. ‘ನೀವು ಹೇಗಿದ್ದೀರಿ?’

ಇಂದು ಆ ಪ್ರಶ್ನೆಯನ್ನೇ ಮುಂದಿಟ್ಟು ಮಾತಾಡಬೇಕೆಂದು ಬಂದಿದ್ದೇನೆ. ಅದಕ್ಕೊಂದು ಕಾರಣವಿದೆ. ಆ ಕಾರಣ ನನ್ನದೇ ಒಂದು ತಪ್ಪು.

ಹಲವು ವರ್ಷಗಳ ಹಿಂದೆ, ಶಾಲೆ ಆರಂಭವಾಗಿ ಎರಡು ತಿಂಗಳು ಕಳೆದಿದ್ದಾಗ, ಒಂದೇ ದಿನ ಇಬ್ಬರು ತಾಯಂದಿರು ನನ್ನ ಬಳಿಗೆ ಬಂದರು. ಒಬ್ಬಾಕೆ ಬಿಹಾರದವಳು. ಗಂಡ ಕಲ್ಲು ಒಡೆಯುವ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ. ಎಂಟು ವರ್ಷದ ಮಗಳನ್ನು ಶಾಲೆಗೆ ಸೇರಿಸಬೇಕಿತ್ತು. ಆಕೆಗೆ ಕನ್ನಡ ಬಾರದು. ನನಗೆ ಬರುವ ಉರ್ದು ಆಕೆಯ ಮಾತಿಗೆ ಅಷ್ಟಿಷ್ಟು ಹೊಂದುತ್ತಿತ್ತು. ಹಿಂದಿನ ಶಾಲೆಯ ವರ್ಗಾವಣೆ ಪತ್ರ ತನ್ನಿ, ಆಮೇಲೆ ನೋಡೋಣ ಎಂದೆ. ಆಕೆ ತಲೆಯಾಡಿಸಿ ಹೊರಟುಹೋದಳು. ಆ ಹುಡುಗಿಯನ್ನು ನಾನು ಮತ್ತೆ ಶಾಲೆಯಲ್ಲಿ ಕಾಣಲಿಲ್ಲ.

ಎರಡನೆಯಾಕೆ ಇದೇ ತಾಲೂಕಿನವಳು. ಸ್ವಂತ ಮನೆ, ಒಂದಿಷ್ಟು ಒಣಭೂಮಿ, ಸುತ್ತಲೂ ಬಂಧುಬಳಗ. ಗಂಡ ವಯನಾಡಿಗೆ ಶುಂಠಿ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು. ಒಂಬತ್ತನೇ ತರಗತಿಯ ಮಗ ಶಾಲೆಗೆ ಬರುವುದನ್ನೇ ಬಿಟ್ಟಿದ್ದ. ‘ಮಗನ ಮೇಲೆ ನಿಮಗೆ ನಿಗಾ ಇಲ್ಲವೇ?’ ಎಂದು ಕೇಳಿದೆ. ಆಕೆ ಅಳತೊಡಗಿದಳು. ‘ಸಾರ್, ರಾತ್ರಿ ನಿದ್ದೆ ಬರಲ್ಲ. ಯಾರತ್ರ ಹೇಳ್ಕೊಳ್ಳಲಿ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಹಾಜರಾತಿ ಪುಸ್ತಕವನ್ನು ತೋರಿಸಿ ಕಳುಹಿಸಿಬಿಟ್ಟೆ.

ಒಬ್ಬಳು ಊರು ಬಿಟ್ಟು ಬಂದವಳು. ಇನ್ನೊಬ್ಬಳು ಊರಲ್ಲೇ ಉಳಿದವಳು. ಇವರಲ್ಲಿ ಸುಖಿ ಯಾರು? ನಾವು ಸಾಮಾನ್ಯವಾಗಿ ಕೊಡುವ ಉತ್ತರಗಳು ಎರಡು. ವಲಸೆ ಹೋದವನು ದುಡಿದು ಸುಖವಾಗಿದ್ದಾನೆ ಎಂಬುದು ಒಂದು. ವಲಸಿಗ ಅನಾಥ, ಸ್ವಂತ ಊರಲ್ಲಿರುವವನೇ ಭಾಗ್ಯವಂತ ಎಂಬುದು ಇನ್ನೊಂದು. ನನ್ನ ಅನುಭವದಲ್ಲಿ ಎರಡೂ ಅರ್ಧಸತ್ಯ. ಹೆತ್ತವರ ನೆಮ್ಮದಿಯನ್ನು ನಿರ್ಧರಿಸುವುದು ಅವರು ದಾಟಿದ ಗಡಿಯಲ್ಲ. ಕಷ್ಟ ಬಂದಾಗ ತಟ್ಟಲು ಒಂದು ಬಾಗಿಲು ಅವರಿಗಿದೆಯೇ, ತಟ್ಟಿದರೆ ಅದು ತೆರೆಯುತ್ತದೆಯೇ ಎಂಬುದು. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಸಹೋದರರೇ, ನಮ್ಮ ಜಿಲ್ಲೆಯನ್ನೇ ನೋಡಿ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರಚನೆಯಾದ ಈ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯ ಪ್ರಕಾರ ಹತ್ತು ಲಕ್ಷ ಇಪ್ಪತ್ತು ಸಾವಿರ ಚಿಲ್ಲರೆ. ಒಂದು ಕಡೆ ವಯನಾಡು, ಇನ್ನೊಂದು ಕಡೆ ನೀಲಗಿರಿ, ಮತ್ತೊಂದು ಕಡೆ ಈರೋಡು. ಗುಂಡ್ಲುಪೇಟೆಯಿಂದ ಹೊರಡುವ ಒಂದು ರಸ್ತೆ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಊಟಿಗೆ. ಈ ರಸ್ತೆಗಳಲ್ಲಿ ಸಾಗುವುದು ತರಕಾರಿ ಮತ್ತು ಚೆಂಡುಹೂವು ಮಾತ್ರವಲ್ಲ, ಮನುಷ್ಯರೂ ಸಾಗುತ್ತಾರೆ. ಇಲ್ಲಿಂದ ಕೇರಳದ ತೋಟಗಳಿಗೆ, ಕೊಡಗಿನ ಕಾಫಿ ಎಸ್ಟೇಟುಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಗಳಿಗೆ ಜನರು ಹೋಗುತ್ತಾರೆ. ಅತ್ತ ಕೇರಳದ ಕೃಷಿಕರು ಇಲ್ಲಿ ಜಮೀನು ಗುತ್ತಿಗೆಗೆ ಪಡೆದು ಶುಂಠಿ ಬೆಳೆಯುತ್ತಾರೆ. ಉತ್ತರದ ರಾಜ್ಯಗಳವರು ಕಲ್ಲಿನ ಕ್ವಾರಿಗಳಲ್ಲಿ ದುಡಿಯುತ್ತಾರೆ. ವಲಸಿಗರನ್ನು ಕಳುಹಿಸುವ ಊರೂ ನಮ್ಮದೇ, ಬರಮಾಡಿಕೊಳ್ಳುವ ಊರೂ ನಮ್ಮದೇ.

ಇನ್ನೂ ಒಂದು ಮಾತು. 2011ರ ಜನಗಣತಿ ನಮ್ಮ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರನ್ನು ಲೆಕ್ಕ ಹಾಕಿತ್ತು. ಅವರಲ್ಲಿ ಬಹುದೊಡ್ಡ ಪಾಲು ಯಾರದು ಗೊತ್ತೇ? ಮದುವೆಯಾಗಿ ಗಂಡನ ಊರಿಗೆ ಬಂದ ಹೆಣ್ಣುಮಕ್ಕಳದು! ಈ ಸಭೆಯಲ್ಲಿರುವ ತಾಯಂದಿರಲ್ಲಿ ಹುಟ್ಟಿದ ಊರಲ್ಲೇ ಸಂಸಾರ ಹೂಡಿದವರೆಷ್ಟು ಮಂದಿ? ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಮನೆಯಲ್ಲಿ, ಮೊದಲ ಮಗುವಿಗೆ ಜ್ವರ ಬಂದ ರಾತ್ರಿ ಯಾರನ್ನು ಕರೆಯಬೇಕೆಂದು ತಿಳಿಯದೆ ಕುಳಿತದ್ದು ನಿಮಗೆ ನೆನಪಿದೆಯಲ್ಲವೇ? ಬಿಹಾರದ ಆ ತಾಯಿಯ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳಲು ನಿಮಗೆ ನನ್ನ ಭಾಷಣ ಬೇಕಾಗಿಲ್ಲ. ಬೇಕಾಗಿರುವುದು ನಮ್ಮಂತಹ ಗಂಡಸರಿಗೆ.

ಇಲ್ಲಿಂದ ಹೋದವರ ಬಗ್ಗೆ ಮೊದಲು ಹೇಳುತ್ತೇನೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಗ್ರಾಮಗಳನ್ನು ಭೂಕುಸಿತ ಕೊಚ್ಚಿಕೊಂಡು ಹೋಯಿತು. ಇನ್ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅಲ್ಲಿ ಸತ್ತವರಲ್ಲಿ ಚಾಮರಾಜನಗರ ಜಿಲ್ಲೆಯ ಮೂಲದವರೂ ಇದ್ದರು. ತೋಟದ ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆಸಿದ್ದ ಕುಟುಂಬಗಳವು. ಇಲ್ಲಿನ ಹಳ್ಳಿಗಳಲ್ಲಿ ಬಂಧುಗಳು ದೂರವಾಣಿ ಹಿಡಿದು ಕುಳಿತಿದ್ದರು, ಅತ್ತಲಿಂದ ಉತ್ತರವಿರಲಿಲ್ಲ. ಇಂತಹ ಕುಟುಂಬಗಳ ಬದುಕು ಹೇಗಿರುತ್ತದೆ? ಲೈನ್‌ಮನೆಯ ಒಂದು ಕೋಣೆ. ಮಕ್ಕಳು ಕಲಿಯುವುದು ಮಲಯಾಳ, ಮನೆಯಲ್ಲಿ ಆಡುವುದು ಕನ್ನಡ. ಮಗಳು ಶಾಲೆಯಿಂದ ತಂದ ಪುಸ್ತಕವನ್ನು ತಾಯಿಗೆ ಓದಲಾಗದು. ಹಬ್ಬಕ್ಕೆ ಊರಿಗೆ ಬಂದರೆ ‘ಕೇರಳದವರು ಬಂದರು’ ಎನ್ನುತ್ತೇವೆ. ಅಲ್ಲಿಗೆ ಮರಳಿದರೆ ‘ಕರ್ನಾಟಕದವರು’ ಎನ್ನಿಸಿಕೊಳ್ಳುತ್ತಾರೆ. ಎರಡೂ ಕಡೆ ಹೊರಗಿನವರು. ಅವರ ಹೆಸರು ನಮಗೆ ನೆನಪಾಗಲು ಒಂದು ಗುಡ್ಡ ಕುಸಿಯಬೇಕಾಯಿತು ಎಂಬುದು ಖೇದಕರ.

ಇಲ್ಲಿಗೆ ಬಂದವರ ಕಥೆಯೂ ಬೇರೆಯಲ್ಲ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲೂಕಿನ ಮಡಹಳ್ಳಿಯಲ್ಲಿ ಕಲ್ಲು ಕ್ವಾರಿ ಕುಸಿದು ಕಾರ್ಮಿಕರು ಸತ್ತರು. ಹೊರರಾಜ್ಯದಿಂದ ದುಡಿಯಲು ಬಂದಿದ್ದ ಯುವಕರು. ವಯನಾಡಿನಲ್ಲಿ ನಮ್ಮವರ ಮೇಲೆ ಗುಡ್ಡ ಬಿತ್ತು, ನಮ್ಮೂರಿನಲ್ಲಿ ಇನ್ನೊಬ್ಬರ ಮಕ್ಕಳ ಮೇಲೆ ಬಿತ್ತು. ಸಾವಿರಾರು ಕಿಲೋಮೀಟರು ದೂರದಲ್ಲಿ ಯಾವುದೋ ಹಳ್ಳಿಯ ಹೆತ್ತವರು ಹೀಗೆಯೇ ದೂರವಾಣಿ ಹಿಡಿದು ಕುಳಿತಿದ್ದಿರಬೇಕು. ಎಲ್ಲ ತಾಯಂದಿರ ಸಂಕಟದ ಭಾಷೆ ಒಂದೇ ಅಲ್ಲವೇ?

ಈ ಜಿಲ್ಲೆಗೆ ಬಂದು ಅರ್ಧ ಶತಮಾನ ಕಳೆದ ವಲಸಿಗರೂ ಇದ್ದಾರೆ. ಈಗಿನ ಹನೂರು ತಾಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲಾಯಿತು. ಕಾಡಂಚಿನಲ್ಲಿ ಅವರು ಮುಸುಕಿನ ಜೋಳ ಬೆಳೆದರು. ಬೆಳೆ ಸಾಲದಾದಾಗ ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರಿದರು. ತಂದೆ ತಾಯಿ ತಿಂಗಳುಗಟ್ಟಲೆ ರಸ್ತೆಬದಿಯಲ್ಲಿ, ಮಕ್ಕಳು ಹಾಸ್ಟೆಲಿನಲ್ಲಿ ಅಥವಾ ಅಜ್ಜಿಯ ಮಡಿಲಲ್ಲಿ. ಆ ಮಕ್ಕಳಲ್ಲಿ ಅನೇಕರು ಬೆಳೆದು ವಿದೇಶಗಳಿಗೆ ಹೋದರು. ಈಗ ನೆಲೆಯಲ್ಲಿ ಉಳಿದಿರುವವರಲ್ಲಿ ವೃದ್ಧರೇ ಹೆಚ್ಚು. ಆದರೆ ಅವರ ಬದುಕಿನಲ್ಲಿ ನಾವು ಕಲಿಯಬೇಕಾದ ಒಂದು ಸಂಗತಿಯಿದೆ. ಅವರು ಮೊದಲು ಕಟ್ಟಿಕೊಂಡದ್ದು ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಪ್ರಾರ್ಥನಾಲಯ, ವೃದ್ಧಾಶ್ರಮ. ಅಂದರೆ ತಟ್ಟಲು ಬಾಗಿಲುಗಳನ್ನು ತಾವೇ ನಿರ್ಮಿಸಿಕೊಂಡರು. ದೇಶ ಕಳಕೊಂಡವರು ನೆರೆಹೊರೆಯನ್ನು ಉಳಿಸಿಕೊಂಡರು. ದೇಶ ಇರುವ ನಾವು ನೆರೆಹೊರೆಯನ್ನು ಕಳಕೊಳ್ಳುತ್ತಿದ್ದೇವೆ.

ಇನ್ನು ಊರಲ್ಲಿ ಉಳಿದವರು. ಮನೆಯಿದೆ, ಭಾಷೆಯಿದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ. ಹಾಗಂತ ಅವರಿಗೆ ನೆಮ್ಮದಿಯಿದೆಯೇ? ಊರಲ್ಲಿರುವುದೇ ಸುರಕ್ಷೆ ಎಂಬುದು ಎಂತಹ ಭ್ರಮೆಯೆಂದು ಕೊರೋನ ಕಾಲದಲ್ಲಿ ನಾವು ನೋಡಿದೆವು. 2020ರ ಜೂನ್ ಆರಂಭದವರೆಗೂ ನಮ್ಮದು ಸೋಂಕಿಲ್ಲದ ಹಸಿರು ಜಿಲ್ಲೆ. ‘ಬಾ ಮಗಾ, ಊರಿಗೆ ಬಂದುಬಿಡು’ ಎಂದು ಬೆಂಗಳೂರಿನ ಮಕ್ಕಳನ್ನು ಕರೆಸಿಕೊಂಡ ಹೆತ್ತವರೆಷ್ಟೋ! ಮರುವರ್ಷ, 2021ರ ಮೇ 2ರ ರಾತ್ರಿ, ಇದೇ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ರೋಗಿಗಳು ಸಾಯತೊಡಗಿದರು. ಒಂದು ದಿನದೊಳಗೆ ಸತ್ತವರು 24 ಮಂದಿ ಎಂಬುದು ಅಂದಿನ ಲೆಕ್ಕ. ಅವರಲ್ಲಿ ಹೆಚ್ಚಿನವರು ಇದೇ ಮಣ್ಣಿನವರು. ವ್ಯವಸ್ಥೆ ಕೈಕೊಟ್ಟಾಗ ವಲಸಿಗ, ಮೂಲನಿವಾಸಿ ಎಂಬ ಭೇದವೆಲ್ಲಿ ಉಳಿಯಿತು?

ಊರಲ್ಲುಳಿದ ಹೆತ್ತವರಲ್ಲಿ ಇನ್ನೊಂದು ವರ್ಗವಿದೆ. ಎರಡನೇ ಬಾರಿ ಹೆತ್ತವರಾದವರು. ಮಗ ಸೊಸೆ ಕೂಲಿಗೆ ಹೋಗಿದ್ದಾರೆ, ಮೊಮ್ಮಕ್ಕಳು ಅಜ್ಜ ಅಜ್ಜಿಯ ಬಳಿ. ಅರವತ್ತೈದರ ಅಜ್ಜಿ ಮಂಡಿನೋವಿನಲ್ಲೂ ಬೆಳಿಗ್ಗೆ ಎದ್ದು ಮಗುವಿಗೆ ಜಡೆ ಹೆಣೆದು ಶಾಲೆಗೆ ಕಳುಹಿಸುತ್ತಾಳೆ. ಮಗು ಹಠ ಮಾಡಿದರೆ ಹೊಡೆಯುವಂತಿಲ್ಲ, ‘ನನ್ನ ಮಗುವಿಗೆ ಹೊಡೆದಿರಾ?’ ಎಂದು ಸೊಸೆ ಕೇಳುತ್ತಾಳೆ. ಬಿಟ್ಟರೆ ‘ಮುದ್ದು ಮಾಡಿ ಹಾಳು ಮಾಡಿದಿರಿ’ ಎಂಬ ದೂರು. ಅಧಿಕಾರವಿಲ್ಲದ ಹೊಣೆಗಾರಿಕೆಗಿಂತ ದೊಡ್ಡ ಆಯಾಸ ಯಾವುದಿದೆ?

ಕರಾವಳಿಯ ನಮ್ಮ ಸಹೋದರರಿಗೆ ಗಲ್ಫ್ ಚೆನ್ನಾಗಿ ಗೊತ್ತು. ಅಲ್ಲಿ ತಂದೆಯೆಂದರೆ ದೂರವಾಣಿಯ ಧ್ವನಿ, ತಿಂಗಳ ಹಣ, ಎರಡು ವರ್ಷಕ್ಕೊಮ್ಮೆ ಬರುವ ಪೆಟ್ಟಿಗೆ. ಹಣ ಕಳುಹಿಸುವವನು ತನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಾನೆ. ಅವನ ದುಃಖವನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ಮಗಳ ಮೊದಲ ಹೆಜ್ಜೆಯನ್ನು ಫೋಟೋದಲ್ಲಿ ನೋಡಬೇಕಾದವನು ಅವನು. ಆದರೆ ಮನೆಯಲ್ಲಿ ತಾಯಿಯೂ ತಂದೆಯೂ ಒಬ್ಬಳೇ ಆಗಿರುವವಳ ಆಯಾಸವನ್ನು ‘ಅವಳಿಗೇನು ಕಡಿಮೆ, ಗಂಡ ಕಳುಹಿಸುತ್ತಾನಲ್ಲ’ ಎಂಬ ಒಂದು ಮಾತಿನಿಂದ ಮುಚ್ಚಿಹಾಕುತ್ತೇವಲ್ಲ, ಅದು ನ್ಯಾಯವೇ? ವಯನಾಡಿನ ಶುಂಠಿ ಕೆಲಸಕ್ಕೆ ಹೋದವನ ಹೆಂಡತಿಗೆ ಈ ಮಾತಿನ ಜೊತೆಗೆ ಸಾಲವೂ ಇದೆ, ಮೇಸ್ತ್ರಿಯಿಂದ ಪಡೆದ ಮುಂಗಡವೂ ಇದೆ. ಸುಲ್ತಾನ್ ಬತ್ತೇರಿ ಬಸ್ಸಿನಲ್ಲಿ ಕೆಲವೇ ಗಂಟೆಯ ದಾರಿ ನಿಜ. ಆದರೆ 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಾಮಾನ್ಯ ವಾಹನಗಳಿಗೆ ತಡೆಯಿದೆ. ಕಾಡುಪ್ರಾಣಿಗಳ ಜೀವಕ್ಕಾಗಿ ಮಾಡಿದ ಆ ನಿಯಮ ಸರಿಯಾದದ್ದೇ. ಆದರೂ ಗೇಟು ಬಿದ್ದ ಮೇಲೆ ಮಗುವಿಗೆ ಜ್ವರ ಏರಿದರೆ, ಆ ತಾಯಿಗೆ ಬತ್ತೇರಿಯೂ ದುಬೈಯಷ್ಟೇ ದೂರ.

ಹಾಗಾದರೆ ನೆಮ್ಮದಿ ಎಲ್ಲಿಂದ ಬರುತ್ತದೆ? 2018ರ ವಿಶ್ವ ಸಂತೋಷ ವರದಿ ವಲಸೆಯನ್ನೇ ಮುಖ್ಯ ವಿಷಯವನ್ನಾಗಿ ಎತ್ತಿಕೊಂಡಿತ್ತು. ನೂರಕ್ಕೂ ಹೆಚ್ಚು ದೇಶಗಳಲ್ಲಿ ವಲಸಿಗರ ಮತ್ತು ಸ್ಥಳೀಯರ ಸಂತೃಪ್ತಿಯನ್ನು ಅದು ಹೋಲಿಸಿ ನೋಡಿತು. ಸ್ಥಳೀಯರು ಎಲ್ಲಿ ನೆಮ್ಮದಿಯಿಂದಿದ್ದಾರೋ ಹೆಚ್ಚುಕಡಿಮೆ ಅಲ್ಲೇ ವಲಸಿಗರೂ ನೆಮ್ಮದಿಯಿಂದಿದ್ದಾರೆ ಎಂಬುದು ಅದು ಕಂಡುಕೊಂಡ ಸಂಗತಿ. ಎರಡು ಪಟ್ಟಿಗಳಲ್ಲೂ ಮೊದಲ ಸ್ಥಾನ ಫಿನ್ಲೆಂಡಿನದು. ಇದರ ಅರ್ಥವೇನು? ವಲಸಿಗನ ಸುಖ ಸ್ಥಳೀಯನಿಂದ ಕಸಿದುಕೊಂಡದ್ದಲ್ಲ. ಊರಿನ ಶಾಲೆ, ಆಸ್ಪತ್ರೆ, ಪರಸ್ಪರ ನಂಬಿಕೆ ಚೆನ್ನಾಗಿದ್ದರೆ ಇಬ್ಬರೂ ಬಾಳುತ್ತಾರೆ. ಅವು ಕೆಟ್ಟರೆ ಇಬ್ಬರೂ ಕೆಡುತ್ತಾರೆ.

ಆದರೆ ನಮ್ಮ ರಾಜಕೀಯ ಹೇಳಿಕೊಡುತ್ತಿರುವುದು ಇದರ ತದ್ವಿರುದ್ಧ ಪಾಠವನ್ನು. ಕೆಲಸವಿಲ್ಲವೇ? ಹೊರಗಿನವನು ಕಸಿದ. ಕಳ್ಳತನವಾಯಿತೇ? ಹೊರಗಿನವನೇ ಮಾಡಿರಬೇಕು. ಬಂಗಾಳಿ ಮಾತಾಡುವ ಬಡವನೊಬ್ಬ ಕಾಣಿಸಿದರೆ, ಅದರಲ್ಲೂ ಅವನ ಹೆಸರು ಮುಸ್ಲಿಮನದ್ದಾಗಿದ್ದರೆ, ಬಾಂಗ್ಲಾದೇಶದವನೆಂಬ ಶಂಕೆ. ಕಾಗದಪತ್ರ ಪರಿಶೀಲಿಸುವುದು ಸರಕಾರದ ಕೆಲಸ, ಅದನ್ನು ಕಾನೂನಿನಂತೆ ಮಾಡಲಿ. ಬೀದಿಯಲ್ಲಿ ನಿಂತವರಿಗೆ ಆ ಅಧಿಕಾರವನ್ನು ಕೊಟ್ಟವರಾರು? ತಂದೆಯನ್ನು ಮಗನ ಎದುರಿಗೇ ತಡೆದು ನಿಲ್ಲಿಸಿ ‘ನೀನು ಯಾವ ದೇಶದವನು?’ ಎಂದು ಕೇಳಿದರೆ, ಆ ದಿನ ಆ ಮನೆಯಲ್ಲಿ ತಂದೆಯ ಗೌರವ ಎಷ್ಟು ಉಳಿಯುತ್ತದೆ? ಇಲ್ಲಿ ಹೀಗೆ ಕೇಳುವವರ ಅಣ್ಣತಮ್ಮಂದಿರೇ ವಯನಾಡಿನಲ್ಲಿ, ತಿರುಪ್ಪೂರಿನಲ್ಲಿ ಹೊರಗಿನವರು ಎಂಬುದನ್ನು ಯಾರೂ ಅವರಿಗೆ ನೆನಪಿಸುವುದಿಲ್ಲ.

ಇತರರನ್ನು ದೂರಿದ್ದು ಸಾಕು. ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಶುಕ್ರವಾರ ನಮ್ಮ ಪಕ್ಕದಲ್ಲೇ ಹೆಗಲಿಗೆ ಹೆಗಲು ಕೊಟ್ಟು ನಿಂತವನನ್ನು ಹೊರಗೆ ಬಂದೊಡನೆ ‘ಹಿಂದಿಯವನು’ ಎನ್ನುತ್ತೇವಲ್ಲವೇ? ಮನೆ ಬಾಡಿಗೆಗೆ ಕೇಳಿದರೆ, ಸಂಸಾರಸ್ಥನಾಗಿದ್ದರೂ, ‘ಅವರಿಗೆ ಕೊಡುವುದಿಲ್ಲ’ ಎನ್ನುತ್ತೇವೆ. ಕೊಟ್ಟರೆ ಸ್ಥಳೀಯನಿಗಿಂತ ಹೆಚ್ಚು ಬಾಡಿಗೆ. ಮದುವೆಯ ಒಂದು ಹೊತ್ತಿನ ಊಟಕ್ಕೆ ಲಕ್ಷಗಟ್ಟಲೆ ಸಾಲ ಮಾಡಿಸಿ, ಅದೇ ಸಾಲ ತೀರಿಸಲು ತಂದೆಯನ್ನು ಊರು ಬಿಡಿಸುವವರೂ ನಾವೇ. ಎಷ್ಟೋ ಮನೆಗಳಲ್ಲಿ ವಲಸೆಯ ಬೀಜ ಬಿದ್ದದ್ದು ಬರಗಾಲದಲ್ಲಲ್ಲ, ಮದುವೆ ಮಂಟಪದಲ್ಲಿ.

ಈಗ ಮಾಡಬಹುದಾದ ಕೆಲಸಗಳ ಬಗ್ಗೆ ಹೇಳುತ್ತೇನೆ. ಮೊದಲನೆಯದು ಶಾಲೆ. ಬಿಹಾರದ ಆ ತಾಯಿಯನ್ನು ನಾನು ವರ್ಗಾವಣೆ ಪತ್ರವಿಲ್ಲವೆಂದು ಹಿಂದಕ್ಕೆ ಕಳುಹಿಸಿದೆನಲ್ಲ, ಆಗ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದಾಗಿತ್ತು. 2009ರಲ್ಲಿ ಸಂಸತ್ತು ಅಂಗೀಕರಿಸಿ 2010ರ ಏಪ್ರಿಲ್ 1ರಿಂದ ಜಾರಿಯಾದ ಆ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ಸ್ಪಷ್ಟವಾಗಿ ಮಾತಾಡುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ದಾಖಲಾತಿಯನ್ನು ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆಯಿಲ್ಲವೆಂದು ನಿರಾಕರಿಸುವಂತಿಲ್ಲ. ಶಾಲೆ ಆರಂಭವಾಗಿ ಬಹಳ ದಿನವಾಯಿತೆಂದೂ ನಿರಾಕರಿಸುವಂತಿಲ್ಲ. ಕಾನೂನು ಆ ತಾಯಿಯ ಪರವಾಗಿತ್ತು. ಅದು ಆಕೆಗೆ ಗೊತ್ತಿರಲಿಲ್ಲ. ಶಿಕ್ಷಕನಾದ ನನಗೂ ಗೊತ್ತಿರಲಿಲ್ಲ. ನನ್ನ ಅಜ್ಞಾನಕ್ಕೆ ಬೆಲೆ ತೆತ್ತದ್ದು ಎಂಟು ವರ್ಷದ ಒಂದು ಮಗು. ಇಲ್ಲಿರುವ ವಿದ್ಯಾವಂತ ಯುವಕರೇ, ಜೂನ್ ತಿಂಗಳಿನಲ್ಲಿ ಇಂತಹ ಒಬ್ಬ ತಾಯಿಯ ಜೊತೆ ಶಾಲೆಯ ಕಚೇರಿಯವರೆಗೆ ನಡೆದು ಹೋಗಿ. ಅಷ್ಟು ಸಾಕು.

ಎರಡನೆಯದು ಅಂಗನವಾಡಿ ಮತ್ತು ಪಡಿತರ. ಅಂಗನವಾಡಿಯ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಲ್ಪಟ್ಟದ್ದು ನಮ್ಮ ನೆರೆಯ ಟಿ. ನರಸೀಪುರ. ಇಷ್ಟು ಹತ್ತಿರ ಹುಟ್ಟಿದ ಸೌಲಭ್ಯ ನಮ್ಮ ಪಕ್ಕದ ಶೆಡ್ಡಿನಲ್ಲಿ ಬೆಳೆಯುತ್ತಿರುವ ಮಗುವಿಗೆ ತಲುಪುತ್ತಿದೆಯೇ ಎಂದು ವಿಚಾರಿಸಿ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ವೇಳೆಗೆ ಎಲ್ಲ ರಾಜ್ಯಗಳನ್ನೂ ತಲುಪಿದೆ. ಬಿಹಾರದ ಚೀಟಿಯಿದ್ದವರು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ, ಇಲ್ಲಿನ ಚೀಟಿಯಿದ್ದವರು ವಯನಾಡಿನಲ್ಲೂ ಕೇಂದ್ರ ಯೋಜನೆಯ ಧಾನ್ಯ ಪಡೆಯಬಹುದು. ಹೊಟ್ಟೆಯ ಚಿಂತೆ ಅರ್ಧ ಕಡಿಮೆಯಾದರೆ ತಾಯಿಯ ಸಿಡುಕೂ ಅರ್ಧ ಕಡಿಮೆಯಾಗುತ್ತದೆ.

ಮೂರನೆಯದು ಮನಸ್ಸು. ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು, ಮಕ್ಕಳ ಮೇಲೆ ಕೈ ಮಾಡಿ ಆಮೇಲೆ ತಾನೇ ಕೊರಗುವುದು, ಇವು ಕೊಬ್ಬೂ ಅಲ್ಲ, ಮಾಟವೂ ಅಲ್ಲ. ಇವಕ್ಕೆ ಚಿಕಿತ್ಸೆಯಿದೆ. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ. ಸಂಖ್ಯೆ 14416. ಕನ್ನಡದಲ್ಲೂ ಮಾತಾಡಬಹುದು. ‘ಯಾರತ್ರ ಹೇಳ್ಕೊಳ್ಳಲಿ?’ ಎಂದು ಆ ತಾಯಿ ಕೇಳಿದ ಪ್ರಶ್ನೆಗೆ ಇಷ್ಟಾದರೂ ಉತ್ತರ ಇಂದು ನಮ್ಮ ಬಳಿಯಿದೆ. ಆದರೆ ಸಂಖ್ಯೆಯನ್ನು ಬರೆದುಕೊಟ್ಟು ಕೈತೊಳೆದುಕೊಳ್ಳಬೇಡಿ. ನೆರೆಮನೆಯವರು ಹತ್ತು ನಿಮಿಷ ಕುಳಿತು ಕೇಳಿಸಿಕೊಂಡರೆ ಆಗುವ ಉಪಕಾರ ಬೇರೆಯೇ.

ನಾಲ್ಕನೆಯದು ಊರು ಬಿಟ್ಟ ತಂದೆಯರಿಗೆ ಒಂದು ವಿನಂತಿ. ಕರೆ ಮಾಡಿದಾಗ ಮೊದಲ ಪ್ರಶ್ನೆ ‘ಹಣ ಬಂತಾ?’ ಎಂದಾಗುವುದು ಬೇಡ. ಎರಡನೆಯದು ‘ಮಗ ಓದ್ತಿದ್ದಾನಾ?’ ಎಂದಾಗುವುದೂ ಬೇಡ. ‘ನೀನು ಹೇಗಿದ್ದೀಯ?’ ಎಂದು ಹೆಂಡತಿಯನ್ನು ಕೇಳಿ. ಮಕ್ಕಳನ್ನು ನೋಡಿಕೊಳ್ಳುತ್ತಿರುವ ನಿಮ್ಮ ತಾಯಿಯನ್ನು ಕೇಳಿ. ಉತ್ತರ ಬರಲು ಸ್ವಲ್ಪ ಹೊತ್ತಾಗಬಹುದು. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆಯಲ್ಲವೇ?

ಮಾತು ಮುಗಿಸುತ್ತೇನೆ. ಆ ಬಿಹಾರದ ಹುಡುಗಿ ಎಲ್ಲಿದ್ದಾಳೋ ನನಗೆ ತಿಳಿಯದು. ಬಹುಶಃ ಆಕೆಯೇ ಈಗ ಯಾವುದೋ ಊರಿನಲ್ಲಿ ತಾಯಿಯಾಗಿ, ತನ್ನ ಮಗುವಿನ ಕೈಹಿಡಿದು ಒಂದು ಶಾಲೆಯ ಬಾಗಿಲಲ್ಲಿ ನಿಂತಿರಬಹುದು. ಅಲ್ಲಿ ಮೇಜಿನ ಹಿಂದೆ ಕುಳಿತವನು ನನ್ನಂತಹವನಾಗದಿರಲಿ. ಈ ಊರಿನ ಶಾಲೆಗಳಲ್ಲಂತೂ ಇನ್ನು ಮುಂದೆ ಯಾವ ತಾಯಿಯೂ ಹಾಗೆ ತಲೆಯಾಡಿಸಿ ಹಿಂದಿರುಗಬಾರದು. ಇದೊಂದನ್ನು ಈ ಸಭೆ ವಹಿಸಿಕೊಂಡರೆ ನಾನು ಬಂದದ್ದು ಸಾರ್ಥಕ.